ಕಡೂರಿನಿಂದ ಕಡಲಿಗೆ

ಕಡೂರಿನವರಾದ ನಮಗೆ ಸಮುದ್ರವೆಂಬುದು ಬಹು ದೂರದ ವಸ್ತು. ನಮ್ಮದು ಬಯಲುಸೀಮೆ. ಈಗಿನ ಚಿಕ್ಕಮಗಳೂರು ಜಿಲ್ಲೆಯು 1947ರವರೆಗೆ ನಮ್ಮೂರ ಹೆಸರಿನಿಂದಲೇ ಕರೆಯಲ್ಪಡುತ್ತಿತ್ತು. ಆದರೆ ಜಿಲ್ಲೆಯ ಮಳೆಯನ್ನೆಲ್ಲ ಮಲೆನಾಡಿನ ತಾಲ್ಲೂಕುಗಳು ಹಂಚಿಕೊಂಡು ಹೆಸರನ್ನು ಮಾತ್ರ ನಮಗೆ ಬಿಟ್ಟಿದ್ದವೆಂದು ಹಿರಿಯರು ನಗೆಯಾಡುವುದುಂಟು. ಬಾಬಾಬುಡನ್ ಗಿರಿಯ ಕಡೆಯಿಂದ ಇಳಿದು ಬರುವ ವೇದಾ ಮತ್ತು ಅವತಿಗಳು ನಮ್ಮ ಊರಿನ ಬಳಿಯಲ್ಲಿ ಕೂಡಿ ವೇದಾವತಿಯಾಗುತ್ತವೆ. ಅದು ಹರಿಯುವುದು ಪೂರ್ವದಿಕ್ಕಿಗೆ, ಮಾರಿಕಣಿವೆಯ ಕಡೆಗೆ. ಅದೂ ನೀರಿದ್ದ ಕಾಲದಲ್ಲಿ. ಹೀಗಿರುವಾಗ ಪಶ್ಚಿಮದ ಕಡಲಿಗೂ ಕಡೂರಿಗೂ ಏನು ನಂಟೆಂದು ಕೇಳುವವರಿಗೆ ನಾನು ನಮ್ಮೂರ ಹೆದ್ದಾರಿಯನ್ನು ತೋರಿಸುವೆನು. ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರಗಳನ್ನು ದಾಟಿ, ಗೇರುಸೊಪ್ಪೆಯ ಘಟ್ಟವನ್ನು ಇಳಿದು, ಹೊನ್ನಾವರಕ್ಕೆ ಹೋಗಿ ಅದು ಮುಗಿಯುತ್ತದೆ. ಮೊದಲು ಅದರ ಸಂಖ್ಯೆ 206 ಆಗಿತ್ತು, ಈಗ 69. ಸಂಖ್ಯೆ ಯಾವುದಾದರೇನು, ದಾರಿಯು ಕಡಲಿಗೇ.

ಕಳೆದ ಬೇಸಿಗೆಯಲ್ಲಿ ಮಕ್ಕಳ ಪರೀಕ್ಷೆಗಳು ಮುಗಿದಮೇಲೆ ಈ ದಾರಿಯನ್ನು ಕೊನೆಯವರೆಗೂ ಹೋಗಿ ನೋಡಿಬರಬೇಕೆಂದು ಮನೆಯಲ್ಲಿ ಮಾತೆದ್ದಿತು. ಎತ್ತಿದವರು ಮಕ್ಕಳಲ್ಲ, ಎಪ್ಪತ್ತು ದಾಟಿದ ನಮ್ಮ ಅತ್ತೆಯವರು. ಇದು ನಮಗೆ ಆಶ್ಚರ್ಯವಾಯಿತು. ಏಕೆಂದರೆ ಅವರು ಮದುವೆಯಾಗಿ ಕಡೂರಿಗೆ ಬಂದಂದಿನಿಂದ ಸಾಗರದಿಂದಾಚೆಗೆ ಒಂದು ಹೆಜ್ಜೆಯನ್ನೂ ಇಟ್ಟವರಲ್ಲ.

ಅತ್ತೆಯವರ ತೌರು ಶರಾವತಿಯ ದಡದ ಒಂದು ಸಣ್ಣ ಹಳ್ಳಿ. ಅಡಕೆಯ ತೋಟ, ಅದರ ಮೇಲ್ಗಡೆ ಸೊಪ್ಪಿನ ಬೆಟ್ಟ, ಕೆಳಗಡೆ ಹೊಳೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನೀರು ನಿಂತಾಗ ಆ ಹಳ್ಳಿಯೂ ಅಂಥ ಇನ್ನೆಷ್ಟೋ ಹಳ್ಳಿಗಳೂ ಮುಳುಗಿದವು. ಅತ್ತೆಯವರಿಗೆ ಆಗ ಹತ್ತು ವರ್ಷ. ಮನೆಯ ಸಾಮಾನುಗಳನ್ನೂ ದನಕರುಗಳನ್ನೂ ಲಾರಿಯಲ್ಲಿ ಹೇರಿ ಶಿವಮೊಗ್ಗದ ಹತ್ತಿರದ ಒಂದೂರಿಗೆ ತಂದು ಇಳಿಸಿದರಂತೆ. ಅವರ ತಂದೆ ಮನೆಯ ಹೆಬ್ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ತಂದಿದ್ದರು; ಅದಕ್ಕೆ ತಕ್ಕ ಮನೆಯನ್ನು ಕಟ್ಟಲು ಅವರಿಂದ ಕೊನೆಯವರೆಗೂ ಆಗಲಿಲ್ಲ. ಅದಕ್ಕೂ ಹಿಂದೆ, 1948ರಲ್ಲಿ, ಮಡೆನೂರಿನಲ್ಲಿ ಹಿರೇಭಾಸ್ಕರವೆಂಬ ಅಣೆಕಟ್ಟು ಎದ್ದಿತ್ತು. ಎರಡನೆಯದರ ನೀರಿನಲ್ಲಿ ಆ ಮೊದಲನೆಯದೂ ಮುಳುಗಿತು. “ನಮ್ಮನ್ನು ಮಾತ್ರವಲ್ಲ, ಕಟ್ಟಿದವರ ಕಟ್ಟೆಯನ್ನೂ ಹೊಳೆ ನುಂಗಿತು” ಎಂದು ಅತ್ತೆಯವರು ಹೇಳುವಾಗ ಅವರ ಮುಖದಲ್ಲಿ ಸ್ವಲ್ಪ ಸಮಾಧಾನವನ್ನೇ ಕಂಡಿದ್ದೇನೆ.

“ಅಷ್ಟು ಊರುಗಳನ್ನು ಮುಳುಗಿಸಿದ ಆ ನೀರು ಕಟ್ಟಕಡೆಗೆ ಎಲ್ಲಿಗೆ ಹೋಗುತ್ತದೆ? ಅದನ್ನೊಂದು ಸಾರಿ ನೋಡಬೇಕು” ಎಂದರು. ಬೇಡವೆನ್ನುವುದು ಹೇಗೆ?

ಮಳೆಗಾಲಕ್ಕೆ ಮುನ್ನವೇ ಹೋಗಿಬರುವುದೆಂದು ನಮ್ಮ ಯಜಮಾನರು ಹಟಹಿಡಿದದ್ದಕ್ಕೆ ಕಾರಣವಿತ್ತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮಗ್ಗುಲಿನ ಗುಡ್ಡವು ಜರಿದು, ದಾರಿಯ ಬದಿಯ ಚಹಾದ ಅಂಗಡಿಯನ್ನೂ ವಾಹನಗಳನ್ನೂ ಗಂಗಾವಳಿ ಹೊಳೆಗೆ ತಳ್ಳಿದ್ದನ್ನು ವಾಚಕರು ಮರೆತಿರಲಾರರು. ಹೊಳೆಯ ಆಚೆಯ ದಡದ ಉಳುವರೆಯ ಮನೆಗಳಿಗೂ ನೀರು ಅಪ್ಪಳಿಸಿತು. ಕರಾವಳಿಯಲ್ಲಿ ಕಡಿದಾಗಿ ಕತ್ತರಿಸಿದ ಗುಡ್ಡಗಳನ್ನು ಕಂಡಾಗಲೆಲ್ಲ ನನಗೆ ಆ ಅಂಗಡಿಯೇ ನೆನಪಾಗುತ್ತಿತ್ತು.

ಬುತ್ತಿಗೆ ಚಿತ್ರಾನ್ನ, ಮೊಸರನ್ನ, ಒಂದು ಡಬ್ಬಿ ಕೋಡುಬಳೆ. ಇವುಗಳಲ್ಲದೆ ಅತ್ತೆಯವರು ತಮ್ಮ ಚೀಲದಲ್ಲಿ ಏನನ್ನೋ ಬೇರೆಯಾಗಿ ಕಟ್ಟಿಕೊಂಡರು; ನಾನು ಕೇಳಲಿಲ್ಲ. ಬೆಳಗಿನ ಜಾವಕ್ಕೆ ಮೋಟಾರು ಹೊರಟಿತು. ತರೀಕೆರೆಯಲ್ಲಿ ಬೆಳಕು ಹರಿಯಿತು, ಶಿವಮೊಗ್ಗದಲ್ಲಿ ಕಾಫಿಯಾಯಿತು. ಸಾಗರವನ್ನು ದಾಟಿದಮೇಲೆ ಅತ್ತೆಯವರು ಮಾತು ನಿಲ್ಲಿಸಿದರು.

ಜೋಗಕ್ಕೆ ತಿರುಗೋಣವೇ ಬೇಡವೇ ಎಂಬ ಪ್ರಶ್ನೆ ಬಂದಾಗ ಅವರೇ “ಹುಡುಗರು ನೋಡಲಿ, ನನಗೆ ಬೇಡ” ಎಂದು ಮರದ ನೆರಳಿನಲ್ಲಿ ಮೋಟಾರಿನೊಳಗೇ ಕುಳಿತರು. ಬೇಸಿಗೆಯ ಜೋಗದಲ್ಲಿ ನೋಡುವುದಕ್ಕೆ ಹೆಚ್ಚೇನೂ ಇರಲಿಲ್ಲವೆಂಬುದೂ ನಿಜವೇ. 253 ಮೀಟರು ಎತ್ತರದ ಆ ಬಂಡೆಯ ಗೋಡೆಯ ಮೇಲೆ ರಾಜನೂ ರಾಣಿಯೂ ಬಿಳಿಯ ನೂಲಿನೆಳೆಗಳಂತೆ ಇಳಿಯುತ್ತಿದ್ದರು. ರೋರರೂ ರಾಕೆಟ್ಟೂ ಎಲ್ಲಿವೆಯೆಂದು ಕಿರಿಯವನು ಹುಡುಕಿದ್ದೇ ಹುಡುಕಿದ್ದು. ಹೊಳೆಯು ಬತ್ತಿದೆಯೆಂದು ತಿಳಿಯಬಾರದು. ಮೇಲೆ ಲಿಂಗನಮಕ್ಕಿಯಲ್ಲಿ ನಿಂತ ನೀರು ಕಾಲುವೆಯಿಂದ ತಲಕಳಲೆಗೆ ಬಂದು, ಅಲ್ಲಿಂದ ಭಾರಿ ಕೊಳವೆಗಳ ಮೂಲಕ ಕೆಳಗಿನ ವಿದ್ಯುದಾಗಾರಕ್ಕೆ ಧುಮುಕುತ್ತದೆ. ಬೀಳುವ ನೀರು ಬೀಳುತ್ತಲೇ ಇದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಆ ಆಗಾರದ ಹತ್ತು ಯಂತ್ರಗಳ ಶಕ್ತಿ 1,035 ಮೆಗಾವಾಟು. ಕಡೂರಿನ ನಮ್ಮ ಅಡಿಗೆಮನೆಯ ದೀಪಕ್ಕೂ ಇದಕ್ಕೂ ನಂಟಿದೆಯೇ ಎಂದು ಮಗಳು ಕೇಳಿದಳು. ಉಂಟೆಂದೆವು.

ಮಾವಿನಗುಂಡಿಯಿಂದ ಮುಂದಕ್ಕೆ ಕಾಡು. ಇಂಥ ಕಾಡನ್ನು ಬಯಲಿನವರಿಗೆ ವರ್ಣಿಸುವುದು ಕಷ್ಟ. ಹಗಲು ಹನ್ನೊಂದು ಗಂಟೆಗೇ ದಾರಿಯ ಮೇಲೆ ಸಂಜೆಯ ಬೆಳಕು. ಈ ಸೀಮೆಯಲ್ಲಿ ಕತ್ತಲೆಕಾನು ಎಂಬ ಹೆಸರಿನ ಜಾಗವೊಂದಿದೆ. ಹೆಸರಿಟ್ಟವರು ಕವಿಗಳಲ್ಲ, ಕಂಡದ್ದನ್ನು ಹೇಳಿದರು. ಅಲ್ಲಿ ರಾಂಪತ್ರೆ ಜಡ್ಡಿಗಳಿವೆ. ವರ್ಷವಿಡೀ ನೀರು ಜಿನುಗುವ ಕೆಸರಿನಲ್ಲಿ ರಾಂಪತ್ರೆಯ ಜಾತಿಯ ಮರಗಳು ಬೆಳೆದು, ಉಸಿರಿಗಾಗಿ ಬೇರುಗಳನ್ನು ಮಂಡಿಯ ಹಾಗೆ ಮಡಿಸಿ ನೀರಿನಿಂದ ಮೇಲಕ್ಕೆ ಎತ್ತಿರುತ್ತವೆ. ಇಂಥ ಜಡ್ಡಿಗಳು ಈಗ ಉಳಿದಿರುವುದೇ ಅಲ್ಲೊಂದು ಇಲ್ಲೊಂದು. ಘಟ್ಟದ ಒಂದು ತಿರುವಿನಲ್ಲಿ ಸಿಂಗಳೀಕಗಳ ಹಿಂಡೊಂದು ಮರದಿಂದ ಮರಕ್ಕೆ ದಾಟುತ್ತಿತ್ತು. ಕಪ್ಪು ಮೈ, ಮುಖದ ಸುತ್ತ ನರೆತ ಕೇಸರ. ಮಕ್ಕಳು ಕೂಗುವುದರೊಳಗೆ ಎಲೆಗಳು ಮುಚ್ಚಿಕೊಂಡವು. ಜಗತ್ತಿನಲ್ಲಿ ಪಶ್ಚಿಮಘಟ್ಟವನ್ನು ಬಿಟ್ಟರೆ ಈ ಪ್ರಾಣಿಗೆ ಬೇರೆ ನೆಲೆಯಿಲ್ಲ.

ಗೇರುಸೊಪ್ಪೆಯಲ್ಲಿ ಶರಾವತಿಯು ತುಂಬುಹೊಳೆಯಾಗಿ ಕಾಣಿಸಿಕೊಂಡಿತು. ಹದಿನಾರನೆಯ ಶತಮಾನದಲ್ಲಿ ಚೆನ್ನಭೈರಾದೇವಿಯು ಇಲ್ಲಿಂದ ರಾಜ್ಯವಾಳಿದಳು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿಯೆಂದರು. ಆಕೆಯ ಕಾಲದ ಕಥೆಯನ್ನು ಯಜಮಾನರು ಮಕ್ಕಳಿಗೆ ಹೇಳುತ್ತಿದ್ದರು. ಅತ್ತೆಯವರ ಕಿವಿ ಆ ಕಡೆಗಿರಲಿಲ್ಲ.

“ಮೇಲೆ ಇಲ್ಲದ ನೀರು ಕೆಳಗೆ ಎಲ್ಲಿಂದ ಬಂತು?” ಎಂದು ಕೇಳಿದರು.

“ಯಂತ್ರ ತಿರುಗಿಸಿ ಬಿಟ್ಟ ನೀರೇ ಅಮ್ಮ. ಇಲ್ಲಿಯೂ ಒಂದು ಕಟ್ಟೆ ಕಟ್ಟಿ ಇನ್ನೊಂದು ಸಾರಿ ವಿದ್ಯುತ್ತು ತೆಗೆಯುತ್ತಾರೆ.”

“ಹಾಗಾದರೆ ದುಡಿದು ಬಂದಿದೆ ಅನ್ನು.”

ಹೊನ್ನಾವರಕ್ಕೆ ಕೆಲವು ಮೈಲಿ ಮೊದಲೇ, ದೋಣಿಗಳು ನಿಲ್ಲುವ ಒಂದು ಕಡೆಯಲ್ಲಿ ಅವರು ಮೋಟಾರನ್ನು ನಿಲ್ಲಿಸಲು ಹೇಳಿದರು. ಚೀಲದಿಂದ ಹೊರಬಂದದ್ದು ಒಂದು ಬಾಗಿನ! ಚಿಕ್ಕ ಮೊರ, ಅರಿಶಿನ ಕುಂಕುಮ, ಹಸಿರು ಬಳೆ, ಕನ್ನಡಿ, ಒಂದು ಹಿಡಿ ನಮ್ಮ ಸೀಮೆಯ ರಾಗಿ. ಬಾಗಿನವು ತೌರಿನಿಂದ ಮಗಳಿಗೆ ಬರುವುದು ಲೋಕರೂಢಿ. ತೌರುಮನೆ ಹೊಳೆಯ ಅಡಿಯಲ್ಲಿರುವ ಮಗಳು ಹೊಳೆಗೆ ಬಾಗಿನ ಕೊಡುವುದನ್ನು ನಾನು ಅಂದೇ ಕಂಡದ್ದು. ಮೊರವು ತೇಲುತ್ತ ಸ್ವಲ್ಪ ದೂರ ಹೋಗಿ ಓರೆಯಾಯಿತು. ಅವರು ಬೊಗಸೆಯಲ್ಲಿ ನೀರೆತ್ತಿ ನಾಲಗೆಗೆ ಮುಟ್ಟಿಸಿಕೊಂಡು “ಸಿಹಿ” ಎಂದರು.

ಪಕ್ಕದಲ್ಲಿ ಬಲೆಯನ್ನು ಸರಿಮಾಡುತ್ತಿದ್ದ ಮುದುಕನೊಬ್ಬನು ತಲೆಯೆತ್ತಿದನು. ತನ್ನ ತಂದೆಯ ಕಾಲದಲ್ಲಿ ಬೇಸಿಗೆ ಬಂತೆಂದರೆ ಈ ನೀರು ಉಪ್ಪಾಗುತ್ತಿತ್ತೆಂದೂ, ಆಗ ಸಿಕ್ಕುತ್ತಿದ್ದ ಚಿಪ್ಪುಗಳು ಈಗ ಕಾಣಸಿಗವೆಂದೂ ಹೇಳಿದನು. ಆತನ ಮಾತು ಬರಿಯ ಹಳಹಳಿಕೆಯಲ್ಲ. ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಇಳಿಯುತ್ತಿರುವುದರಿಂದ ಶರಾವತಿಯ ಅಳಿವೆಯ ಉಪ್ಪು ಕುಗ್ಗಿ, ಉಪ್ಪನ್ನೇ ನಂಬಿದ ಚಿಪ್ಪಿನ ಜೀವಿಗಳು ಕ್ಷೀಣಿಸಿವೆಯೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಬರೆದಿದ್ದಾರೆ. ನೀರು ಕಡಿಮೆಯಾಗಿ ಕೆಟ್ಟ ಹೊಳೆಗಳನ್ನು ನಾವು ಬಲ್ಲೆವು. ಸಿಹಿಯಾದದ್ದರಿಂದ ಕೆಟ್ಟದ್ದು ನಮಗೆ ಹೊಸ ಸಂಗತಿ.

ಹೊನ್ನಾವರದ ಅಳಿವೆ, ಅದರ ಮೇಲೆ ಎರಡು ಕಿಲೋಮೀಟರಿಗೂ ಉದ್ದವಾದ ಕೊಂಕಣ ರೈಲಿನ ಸೇತುವೆ, ದಡದ ಕಾಂಡ್ಲದ ಪೊದೆಗಳು, ಕಾಸರಕೋಡಿನ ಮರಳು: ಇವನ್ನೆಲ್ಲ ಕಂಡು ಮಕ್ಕಳು ಮನೆಯನ್ನೇ ಮರೆತರು. ಅಲ್ಲಿಂದ ಕುಮಟೆಯವರೆಗೆ ಬಲಕ್ಕೆ ಕಾಡು, ಎಡಕ್ಕೆ ತೆಂಗಿನ ಸಾಲಿನ ಸಂದಿಯಲ್ಲಿ ಮಿನುಗಿ ಮರೆಯಾಗುವ ಕಡಲು. ಘಟ್ಟದ ಸಾಲು ಇಲ್ಲಿ ಸಮುದ್ರಕ್ಕೆ ಬಹು ಸಮೀಪಕ್ಕೆ ಬರುತ್ತದೆ. ಕೆಲವು ಕಡೆ ಗುಡ್ಡದ ಪಾದವನ್ನೇ ತೆರೆಗಳು ತೊಳೆಯುತ್ತವೆ. ಒಂದು ಅಂಗಡಿಯಲ್ಲಿ ಮುರುಗಲ ಶರಬತ್ತು ಕುಡಿದೆವು. ಅದರ ಬಣ್ಣಕ್ಕೆ ಮಾರುಹೋದ ಮಗಳು ಮೂರು ಲೋಟ ಕುಡಿದಳು.

ಮರುದಿನ ಬೆಳಿಗ್ಗೆ ನೀರಿಳಿತದ ಹೊತ್ತಿಗೆ ಅಘನಾಶಿನಿಯ ಅಳಿವೆಗೆ ಹೋದೆವು. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ ಬರುವ ಈ ಹೊಳೆಗೆ ಆದಿಯಿಂದ ಅಂತ್ಯದವರೆಗೆ ದೊಡ್ಡ ಅಣೆಕಟ್ಟೊಂದೂ ಇಲ್ಲ. ಮಳೆಗಾಲಕ್ಕೆ ಸಿಹಿ, ಬೇಸಿಗೆಗೆ ಉಪ್ಪು, ಹಿಂದಿನಿಂದ ಬಂದ ಕ್ರಮ ಹಾಗೆಯೇ ಇದೆ. ಸೊಂಟದವರೆಗಿನ ನೀರಿನಲ್ಲಿ ನಿಂತು ಹೆಂಗಸರೂ ಗಂಡಸರೂ ಬಳಚು ಎಂಬ ಚಿಪ್ಪುಗಳನ್ನು ಆಯುತ್ತಿದ್ದರು. ದಡದ ಉಪ್ಪುನೀರಿನ ಗದ್ದೆಗಳಿಗೆ ಇಲ್ಲಿ ಗಜನಿಯೆಂದು ಹೆಸರು. ಅಲ್ಲಿ ಮಳೆಗಾಲದಲ್ಲಿ ಕಗ್ಗವೆಂಬ ಉಪ್ಪು ತಾಳುವ ಭತ್ತ, ಕೊಯಿಲಾದ ಬಳಿಕ ಅದೇ ಗದ್ದೆಯಲ್ಲಿ ಮೀನು, ಸೀಗಡಿ. 2024ರ ಜನವರಿಯಲ್ಲಿ ಈ ಅಳಿವೆಯು ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿತು.

ಯಜಮಾನರು ಬಹಳ ಹೊತ್ತು ಆ ನೀರನ್ನೇ ನೋಡುತ್ತ ನಿಂತರು. ಅವರ ಮನಸ್ಸಿನಲ್ಲಿದ್ದದ್ದು ನನಗೆ ತಿಳಿದಿತ್ತು. 2023ರ ಬರದಲ್ಲಿ ನಮ್ಮ ತೆಂಗಿನ ತೋಟದ ಎರಡು ಕೊಳವೆಬಾವಿಗಳು ಬತ್ತಿದವು. ಮೂರನೆಯದನ್ನು ಸಾಲಮಾಡಿ ತೋಡಿಸಿದ್ದಾಯಿತು. ಟ್ಯಾಂಕರಿನ ನೀರು ಹೊಯ್ದರೂ ನಲವತ್ತು ಮರಗಳ ಸುಳಿ ಒಣಗಿತು. ಅಘನಾಶಿನಿಯ ನೀರನ್ನು ಘಟ್ಟದಾಚೆಗೆ, ನಮ್ಮ ವೇದಾವತಿಯ ಕಡೆಗೆ ತಿರುಗಿಸಬೇಕೆಂಬ ಯೋಜನೆಯೊಂದರ ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ. ಶಿರಸಿ, ಕುಮಟೆಗಳ ಜನರು ಅದನ್ನು ಬಲವಾಗಿ ವಿರೋಧಿಸುತ್ತಿದ್ದಾರೆ. ಆ ನೀರು ಕಡೂರಿನ ತೋಟಗಳಿಗೆ ಮುಟ್ಟುವುದೋ ಇಲ್ಲವೋ ಎಂಬುದು ಬೇರೆ ಮಾತು. ಆಸೆಗೆ ಭೂಪಟ ಬೇಕಿಲ್ಲ.

“ಇಷ್ಟು ನೀರೂ ಸುಮ್ಮನೆ ಕಡಲಿಗೆ ಹೋಗುತ್ತದಲ್ಲ ಅಮ್ಮ” ಎಂದರು.

ಅತ್ತೆಯವರು ನೀರಿನಲ್ಲಿ ನಿಂತಿದ್ದವರ ಕಡೆಗೆ ಕೈ ತೋರಿಸಿದರು. “ಸುಮ್ಮನೆ ಎಲ್ಲಿ ಹೋಗುತ್ತಿದೆ? ಅವರೆಲ್ಲ ಏನು ಮಾಡುತ್ತಿದ್ದಾರೆ ಮತ್ತೆ?”

“ನಮ್ಮ ಮರಗಳು ಒಣಗಲಿ ಎನ್ನುತ್ತೀಯಾ?”

“ನಾನು ಹಾಗೆ ಅಂದೆನೇ? ಆ ತೋಟಕ್ಕೆ ಸೊಸೆಯಾಗಿ ಬಂದವಳು ನಾನು. ನಿಮ್ಮಪ್ಪ ಸಸಿ ನೆಟ್ಟಾಗ ನೀರು ಹೊತ್ತವಳೂ ನಾನೇ.” ಸ್ವಲ್ಪ ತಡೆದು, “ನಮ್ಮೂರಿಗೂ ಅಂದು ಹೀಗೆಯೇ ಬಂದು ಹೇಳಿದರು ಕಣಪ್ಪ. ನಾಡಿಗೆ ಬೆಳಕು ಬರುತ್ತದೆ ಎಂದರು. ಬಂತು, ಸುಳ್ಳು ಹೇಳಲಿಲ್ಲ” ಎಂದರು.

ಯಜಮಾನರು ಉತ್ತರ ಕೊಡಲಿಲ್ಲ. ಅವರು ಹೇಳುವುದರಲ್ಲಿಯೂ ತಪ್ಪಿಲ್ಲ, ಇವರು ಹೇಳುವುದರಲ್ಲಿಯೂ ತಪ್ಪಿಲ್ಲವೆಂದು ನನಗೆ ತೋರಿತು. ಇಬ್ಬರ ನಡುವೆ ಬುತ್ತಿಯ ಡಬ್ಬಿಯನ್ನು ಹಿಡಿದು ನಿಂತ ನಾನು ಮಕ್ಕಳನ್ನು ಕೂಗಿ ಕರೆದೆನು. ಅಷ್ಟರಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸೊಬ್ಬಳು ದಡಕ್ಕೆ ಬಂದಳು. ಅತ್ತೆಯವರು ಆಕೆಯೊಡನೆ ಕಗ್ಗದ ಅಕ್ಕಿಯ ಗಂಜಿ ಹೇಗಿರುತ್ತದೆ, ಗದ್ದೆಯ ಒಡ್ಡನ್ನು ವರ್ಷಕ್ಕೆ ಎಷ್ಟು ಸಾರಿ ಕಟ್ಟಬೇಕು ಎಂದು ಮಾತಿಗೆ ತೊಡಗಿದರು. ಕೊನೆಗೆ ಆಕೆಯ ಮನೆಯವರೆಗೂ ಹೋಗಿ ಎರಡು ಸೇರು ಕೆಂಪಕ್ಕಿಯನ್ನು ಕೊಂಡು ಸೆರಗಿನಲ್ಲಿ ಕಟ್ಟಿಕೊಂಡು ಬಂದರು.

ಗೋಕರ್ಣದ ದಾರಿ ಹಿಡಿಯುವ ಮುಂಚೆ ಯಜಮಾನರು ತೋಟದ ಆಳಿಗೆ ಫೋನು ಮಾಡಿದರು. ರಾತ್ರಿ ಪಂಪಿಗೆ ಕರೆಂಟು ಬಂತೇ, ಎಷ್ಟು ಗಂಟೆ ಇತ್ತು, ಕೆಳಗಿನ ಸಾಲಿನ ಮರಗಳಿಗೆ ನೀರು ಮುಟ್ಟಿತೇ ಎಂದು ಒಂದೊಂದಾಗಿ ಕೇಳಿದರು. ಹಿಂದಿನ ಆಸನದಲ್ಲಿ ಅಕ್ಕಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ ಅತ್ತೆಯವರು ಮುಂದಕ್ಕೆ ಬಾಗಿ, “ಏನಂತೆ, ಬಂದಿತ್ತಂತೆಯೇ?” ಎಂದು ವಿಚಾರಿಸಿದರು.