ಬಾಗಿಲಾಚೆಯ ದನಿ

ಆಲಂಕಾರಿಕರು ರಸಗಳನ್ನು ಎಣಿಸುವಾಗ ಭಯಾನಕಕ್ಕೂ ಸಮಪಂಕ್ತಿಯಲ್ಲಿಯೇ ಎಡೆಯಿಟ್ಟರು. ಶೃಂಗಾರವೀರಗಳಿಂದ ಆನಂದವಾಗುವುದು ಯಾರಿಗಾದರೂ ತಿಳಿಯುವ ಸಂಗತಿ. ಹೆದರಿಕೆಯಿಂದ ಆನಂದವಾಗುವುದು ಹೇಗೆ? ಅಭಿನವಗುಪ್ತನು ಇದಕ್ಕೆ ಶಾಕುಂತಲದ ಜಿಂಕೆಯನ್ನು ಉದಾಹರಿಸುತ್ತಾನೆ. ದುಷ್ಯಂತನ ರಥಕ್ಕೆ ಬೆದರಿ, ಕೊರಳನ್ನು ಹಿಂದಿರುಗಿಸಿ ನೋಡುತ್ತ ಓಡುವ ಆ ಪ್ರಾಣಿಯ ಭಯವು ಸಹೃದಯನಿಗೆ ಇಂಥವನ ಭಯವೆಂದು ತೋರುವುದಿಲ್ಲ. ದೇಶಕಾಲಗಳ ಕಟ್ಟನ್ನು ಕಳಚಿಕೊಂಡು ಬಂದುದರಿಂದಲೇ ಅದು ಆಸ್ವಾದ್ಯವಾಗುತ್ತದೆ. ಶಾಸ್ತ್ರವೇನೋ ನಿರ್ದುಷ್ಟವಾಗಿದೆ. ಆದರೆ ತೆರೆಯ ಮೇಲಿನ ಭಯವು ನೋಡುವವರ ಸ್ವಂತದ್ದೇ ಆಗಿಬಿಟ್ಟರೆ ಏನು ಗತಿ? ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಂದನಕೆರೆಯ ಒಂದು ಮನೆಯಲ್ಲಿ 2015ರ ಬೇಸಿಗೆಯಲ್ಲಿ ಈ ಪ್ರಶ್ನೆ ಎದುರಾಯಿತು.

ಮನೆಯ ಯಜಮಾನರು ನಿವೃತ್ತ ಉಪಾಧ್ಯಾಯರು. ಊರಿಗೆಲ್ಲ ಅವರು ಮೇಷ್ಟರು. ಆ ಸೀಮೆಯ ಅನೇಕ ಮನೆಗಳಂತೆ ಅವರ ಮನೆಯಲ್ಲಿಯೂ ತಲೆಯ ಮೇಲೆ ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ. ತಿಪಟೂರಿನ ಪೇಟೆಗೆ ಹೋಗುವ ಉಂಡೆ ಕೊಬ್ಬರಿಯು ಅವಸರದಿಂದ ಆಗುವ ಪದಾರ್ಥವಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸುಲಿಯದೆ 8ರಿಂದ 12 ತಿಂಗಳು ಅಟ್ಟದಲ್ಲಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಒಣಗಿ, ಕರಟವನ್ನು ಬಿಟ್ಟು ಬಿಡಿಯಾಗುತ್ತದೆ. ಆಗ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಒಳಗೆ ಯಾರೋ ಬಾಗಿಲು ತಟ್ಟಿದಂತೆ ಸದ್ದಾಗುತ್ತದೆ. ರಾತ್ರಿ ಅಟ್ಟದಲ್ಲಿ ಒಂದು ಕಾಯಿ ಉರುಳಿದರೆ ಹೊಸಬರು ಬೆಚ್ಚಿಬೀಳುವರು. ಮನೆಯವರು ಮಗ್ಗುಲು ಬದಲಿಸುವರು. ಮೇಷ್ಟರು ಮಾತ್ರ ಪ್ರತಿಸಲವೂ ನಿದ್ದೆಗಣ್ಣಿನಲ್ಲಿಯೇ, “ಇಲಿ” ಎಂದು ತೀರ್ಪು ಕೊಡುವರು.

1982ರ ಏಷ್ಯನ್ ಕ್ರೀಡಾಕೂಟದ ನೆಪದಿಂದ ದೇಶಕ್ಕೆ ಬಣ್ಣದ ದೂರದರ್ಶನ ಬಂದಿತಷ್ಟೆ. ಅದರ ಬೆನ್ನಹಿಂದೆಯೇ ವಿಡಿಯೋ ಯಂತ್ರಗಳೂ ಹಳ್ಳಿಗಳನ್ನು ಹೊಕ್ಕವು. ಪೇಟೆಯಿಂದ ಬಾಡಿಗೆಗೆ ಒಂದು ಪೆಟ್ಟಿಗೆ, ಒಂದು ಟೀವಿ, ಮೂರು ಕ್ಯಾಸೆಟ್ಟುಗಳನ್ನು ತಂದು, ಅಂಗಳದಲ್ಲಿ ಜಮಖಾನೆ ಹಾಸಿ, ಬೆಳಗಿನವರೆಗೆ ನೋಡುವುದು ಆ ದಿನಗಳ ಉತ್ಸವ. 1985ರಲ್ಲಿ ಮೇಷ್ಟರ ಅಂಗಳದಲ್ಲಿ ನಡೆದ ಅಂಥದೊಂದು ರಾತ್ರಿ, ಅನಂತನಾಗ್ ಮತ್ತು ಲಕ್ಷ್ಮಿ ಅಭಿನಯಿಸಿದ 1979ರ “ನಾ ನಿನ್ನ ಬಿಡಲಾರೆ” ಎಂಬ ದೆವ್ವದ ಚಿತ್ರವನ್ನು ಹಾಕಿದ್ದರು. ಮೇಷ್ಟರ ಒಬ್ಬನೇ ಮಗ, ಏಳು ವರ್ಷದವನು, ತಾಯಿಯ ಸೆರಗಿನೊಳಗೆ ಮುಖ ಹುದುಗಿಸಿಕೊಂಡು ಗಳಿಗೆಗೊಮ್ಮೆ ಏನನ್ನೋ ಕೇಳುತ್ತಿದ್ದನು. ಆತನಿಗಿಂತ ಎರಡು ವರ್ಷ ಹಿರಿಯನಾದ ಸೋದರತ್ತೆಯ ಮಗನು ಪಕ್ಕದಲ್ಲಿ ಕುಳಿತು ಗೇಲಿಮಾಡುತ್ತಿದ್ದನು. ಮರುವರ್ಷದ ಮಳೆಗಾಲದಲ್ಲಿ ಆ ಹುಡುಗನು ಮೂರು ದಿನದ ಜ್ವರದಲ್ಲಿ ತೀರಿಕೊಂಡನು. ಆಮೇಲೆ ಆ ಮನೆಯಲ್ಲಿ ಅವನ ಹೆಸರನ್ನು ಯಾರೂ ಎತ್ತಲಿಲ್ಲ. ಎತ್ತಬಾರದೆಂದು ಯಾರೂ ಕಟ್ಟಳೆ ಮಾಡಿರಲಿಲ್ಲ. ಮೌನವು ತಾನಾಗಿಯೇ ಬಂದು ಮನೆಯ ಒಬ್ಬ ಸದಸ್ಯನಂತೆ ಉಳಿದುಕೊಂಡಿತು.

1990ರ ದಶಕದಲ್ಲಿ ಕರ್ನಾಟಕದ ಊರೂರುಗಳಲ್ಲಿ “ನಾಳೆ ಬಾ” ಎಂಬ ಬರಹ ಬಾಗಿಲುಗಳ ಮೇಲೆ ಕಾಣಿಸಿಕೊಂಡುದು ಅನೇಕರಿಗೆ ನೆನಪಿರಬಹುದು. ರಾತ್ರಿ ಒಂದು ಹೆಣ್ಣು ದೆವ್ವವು ಬಂದು, ಮನೆಯವರಿಗೆ ಪರಿಚಿತವಾದ ದನಿಯಲ್ಲಿ ಕೂಗುತ್ತದೆ. ಓಗೊಟ್ಟು ಬಾಗಿಲು ತೆಗೆದವನ ಕಥೆ ಮುಗಿಯಿತು. ಬಾಗಿಲಿನ ಮೇಲೆ “ನಾಳೆ ಬಾ” ಎಂದಿದ್ದರೆ ಓದಿಕೊಂಡು ಹಿಂದಿರುಗುತ್ತದೆ, ಮಾರನೆಯ ದಿನವೂ ಅದನ್ನೇ ಓದುತ್ತದೆ ಎಂದು ಸುದ್ದಿ. ಹಂದನಕೆರೆಯ ಹುಡುಗರು ಮೇಷ್ಟರ ಬಾಗಿಲಿನ ಮೇಲೂ ಸೀಮೆಸುಣ್ಣದಿಂದ ಬರೆದು ಹೋದರು. ಮೇಷ್ಟರು ಅಂದು ಸಂಜೆ ಹೆಂಡತಿಯ ಮುಂದೆ ಮೂಢನಂಬಿಕೆಯನ್ನು ಕುರಿತು ಸುದೀರ್ಘವಾದ ಉಪನ್ಯಾಸವನ್ನೇ ಮಾಡಿದರು. ಬೆಳಗಾಗುವುದರೊಳಗೆ ಬರಹವು ಅಳಿಸಿಹೋಗಿತ್ತು. ಹೆಂಡತಿಗೆ ವಿವೇಕೋದಯವಾಯಿತೆಂದು ಅವರಿಗೆ ಪರಮಸಂತೋಷ. ಮುಂದೆ ಎಷ್ಟೋ ವರ್ಷ, ಒಂದು ಒಳ್ಳೆಯ ಮಾತು ಒಬ್ಬರ ಮನಸ್ಸನ್ನು ಹೇಗೆ ತಿದ್ದಬಲ್ಲದೆಂಬುದಕ್ಕೆ ಈ ಪ್ರಸಂಗವನ್ನೇ ತರಗತಿಯಲ್ಲಿ ದೃಷ್ಟಾಂತವಾಗಿ ಹೇಳಿದರು.

ಅಂದು ಅಂಗಳದಲ್ಲಿ ಗೇಲಿಮಾಡುತ್ತಿದ್ದ ಸೋದರಳಿಯನು ಬೆಳೆದು ಬೆಂಗಳೂರಿನಲ್ಲಿ ನೌಕರಿಗೆ ಸೇರಿದನು. ಅವನಿಗೊಂದು ವಿಚಿತ್ರವಾದ ಹವ್ಯಾಸ ಅಂಟಿಕೊಂಡಿತು: ಇಟಲಿ ದೇಶದ ಹಳೆಯ ಭೀತಿಚಿತ್ರಗಳ ಡಿವಿಡಿಗಳನ್ನು ಸಂಗ್ರಹಿಸುವುದು. ರಜೆಯಲ್ಲಿ ಬಂದಾಗ ಅವನು ಮಾವನ ಮುಂದೆ ಆ ಚಿತ್ರಗಳ ಪುರಾಣ ಬಿಚ್ಚುವನು. ಧ್ವನಿಚಿತ್ರಗಳ ಯುಗದಲ್ಲಿ ಇಟಲಿಯ ಮೊದಲ ಭೀತಿಚಿತ್ರವೆಂದು ಎಣಿಸುವ 1957ರ “ಈ ವಾಂಪೀರಿ”ಯನ್ನು ರಿಕಾರ್ಡೊ ಫ್ರೇದಾ ನಡುವೆ ಕೈಬಿಟ್ಟನಂತೆ; ಛಾಯಾಗ್ರಾಹಕನಾಗಿದ್ದ ಮಾರಿಯೊ ಬಾವಾ ಅದನ್ನು ಮುಗಿಸಿಕೊಟ್ಟನಂತೆ. ಆ ಬಾವಾ 1960ರಲ್ಲಿ ತಾನೇ ನಿರ್ದೇಶಿಸಿದ ಕಪ್ಪುಬಿಳುಪಿನ ಚಿತ್ರದಲ್ಲಿ ಬಾರ್ಬರಾ ಸ್ಟೀಲ್ ಎಂಬ ನಟಿಯು ಮಾಟಗಾತಿಯೂ ರಾಜಕುಮಾರಿಯೂ ಆಗಿ ಎರಡು ಪಾತ್ರಗಳನ್ನು ವಹಿಸಿದಳು. ಇಟಲಿಯವರು ನಟರ ಮಾತನ್ನು ಆಮೇಲೆ ಬೇರೆಯಾಗಿ ಧ್ವನಿಮುದ್ರಿಸಿ ಸೇರಿಸುತ್ತಿದ್ದರು. ಎಷ್ಟೋ ವೇಳೆ ಮುಖ ಒಬ್ಬನದು, ದನಿ ಮತ್ತೊಬ್ಬನದು. ಮೇಷ್ಟರು ಇದನ್ನೆಲ್ಲ ವಿದ್ಯಾವಿಷಯವೆಂದು ಗೌರವದಿಂದ ಕೇಳುವರು. ಅತ್ತೆಯವರು ಒಳಗಿನಿಂದಲೇ, “ದನಿ ಬೇರೆಯಾದರೆ ಮನುಷ್ಯನೂ ಬೇರೆಯೇ ಅಲ್ಲವೇನಪ್ಪಾ?” ಎಂದು ಒಮ್ಮೆ ಕೇಳಿದ್ದರು.

ಆ ಬೇಸಿಗೆಯಲ್ಲಿ ಅವನು ತಂದುದು ಬಾವಾನ 1963ರ ಚಿತ್ರ. ಅದರ ಇಟಲಿ ಹೆಸರಿಗೆ “ಭಯದ ಮೂರು ಮುಖಗಳು” ಎಂದು ಅರ್ಥ. ಅಮೆರಿಕದ ಹಂಚಿಕೆದಾರರು ಇದರ ಕಥೆಗಳ ಅನುಕ್ರಮವನ್ನೂ ಸಂಗೀತವನ್ನೂ ಬದಲಿಸಿ “ಬ್ಲ್ಯಾಕ್ ಸಬಾತ್” ಎಂದು ಹೆಸರಿಟ್ಟಿದ್ದರು. ಇವನು ತಂದುದು ಮೂಲದ ಪ್ರತಿ. ರಾತ್ರಿ ಊಟವಾದ ಮೇಲೆ ಮೂವರೂ ಟೀವಿಯ ಮುಂದೆ ಕುಳಿತರು. ಮಾತು ಇಟಲಿಯದು, ಕೆಳಗೆ ಓಡುವ ಅಕ್ಷರ ಇಂಗ್ಲಿಷಿನದು. ಆದಕಾರಣ ಅಳಿಯನು ಗಮಕಿಯ ಪಕ್ಕದ ವ್ಯಾಖ್ಯಾನಕಾರನಂತೆ ಕನ್ನಡದಲ್ಲಿ ಅರ್ಥ ಹೇಳುತ್ತ ಹೋದನು.

ಎರಡನೆಯ ಕಥೆ ರಷ್ಯದ ಎ. ಕೆ. ಟಾಲ್‌ಸ್ಟಾಯ್ ಬರೆದುದರಿಂದ ಹುಟ್ಟಿದುದು. ಸತ್ತು ಎದ್ದು ಬಂದು, ತಾನು ಯಾರನ್ನು ಅತಿಶಯವಾಗಿ ಪ್ರೀತಿಸುತ್ತಿದ್ದೆನೋ ಅವರ ರಕ್ತವನ್ನೇ ಬಯಸುವ ವುರ್ದುಲಾಕ್ ಎಂಬ ಪಿಶಾಚಿಯ ವೃತ್ತಾಂತ. ಅಜ್ಜನಾಗಿ ನಟಿಸಿದವನು ಬೋರಿಸ್ ಕಾರ್ಲಾಫ್. ಅಜ್ಜನು ಮೊಮ್ಮಗನನ್ನು ಎತ್ತಿಕೊಂಡು ಹೋಗುತ್ತಾನೆ, ಮಗು ಸಾಯುತ್ತದೆ, ಹೂಳುತ್ತಾರೆ. ರಾತ್ರಿ ಗಾಳಿಯ ನಡುವೆ ಬಾಗಿಲಾಚೆ ಮಗುವಿನ ದನಿ. ಅಮ್ಮನನ್ನು ಕರೆಯುತ್ತದೆ, ಚಳಿಯೆಂದು ಅಳುತ್ತದೆ. ಇಲ್ಲಿಗೆ ಬಂದಾಗ ಅಳಿಯನ ವ್ಯಾಖ್ಯಾನ ಕುಂಟಿತು. ತಾನು ಯಾವ ಮನೆಯಲ್ಲಿ ಯಾವ ಕಥೆಯನ್ನು ಹಾಕಿದ್ದೇನೆಂಬುದು ಅವನಿಗೆ ಆಗ ಹೊಳೆಯಿತು. ಅವನು ಸುಮ್ಮನಾದನು. ಅತ್ತೆಯವರಿಗೆ ಅರ್ಥ ಹೇಳಬೇಕಾಗಿಯೂ ಇರಲಿಲ್ಲ. ತೆರೆಯ ಮೇಲಿನ ತಾಯಿ ಅಡ್ಡಬಂದ ಗಂಡನನ್ನೇ ಇರಿದು ಅಗುಳಿ ತೆಗೆದಳು. ಹೊರಗೆ ನಿಂತಿದ್ದವನು ಆ ಮುದುಕ.

“ಎಂಥ ಅವಿವೇಕ! ಅದು ಮಗುವಲ್ಲವೆಂದು ಅವಳಿಗೆ ತಿಳಿದೇ ಇತ್ತಲ್ಲ” ಎಂದರು ಮೇಷ್ಟರು.

“ತಿಳಿದಿತ್ತು” ಎಂದರು ಆಕೆ.

“ಮತ್ತೆ?”

ಆಕೆ ಸ್ವಲ್ಪ ಹೊತ್ತು ಉತ್ತರ ಕೊಡಲಿಲ್ಲ. ಆಮೇಲೆ, ಒಲೆಯ ಮೇಲೆ ಹಾಲಿಟ್ಟಿರುವ ಸಂಗತಿಯನ್ನು ಹೇಳುವಷ್ಟೇ ಸಹಜವಾಗಿ, “ಆಗ ಬಾಗಿಲ ಮೇಲೆ ಹುಡುಗರು ಬರೆದಿದ್ದರಲ್ಲ, ಅದನ್ನು ಅಳಿಸಿದವಳು ನಾನು. ನಿಮ್ಮ ಮಾತಿಗಲ್ಲ. ಗುರುತಿನ ದನಿಯಲ್ಲಿ ಕೂಗುತ್ತದೆ ಎಂದಿದ್ದರು. ಬಂದು ಕೂಗಿದರೆ, ನಾಳೆ ಬಾ ಎಂದು ಹೇಗೆ ಕಳುಹಿಸಲಿ?” ಎಂದರು.

ಮೇಷ್ಟರ ಬಳಿ ಎಂದೂ ಮಾತಿಗೆ ಬರವಿರಲಿಲ್ಲ. ಅಂದು ಇತ್ತು. ಅಳಿಯನು ಯಂತ್ರವನ್ನು ನಿಲ್ಲಿಸಲು ಕೈಚಾಚಿದನು. “ಬೇಡಪ್ಪಾ, ನಡೆಯಲಿ. ಇನ್ನೊಂದು ಕಥೆ ಇದೆಯೆಂದಿಯಲ್ಲ” ಎಂದರು ಅತ್ತೆ.

ಮೂರನೆಯದು ಹೆಣದ ಬೆರಳಿನ ಉಂಗುರವನ್ನು ಕದ್ದ ದಾದಿಯೊಬ್ಬಳು ನೀರಿನ ಹನಿ ತೊಟ್ಟಿಕ್ಕುವ ಸದ್ದಿನಿಂದಲೇ ಹುಚ್ಚಾಗುವ ಕಥೆ. ಅದು ಮುಗಿದ ಬಳಿಕ, ಅಮೆರಿಕದವರು ಕತ್ತರಿಸಿ ಹಾಕಿದ್ದ ಕಡೆಯ ದೃಶ್ಯ ಬಂದಿತು. ಕಾರ್ಲಾಫ್ ಅದೇ ವೇಷದಲ್ಲಿ ಕುದುರೆಯೇರಿ ಪ್ರೇಕ್ಷಕರನ್ನು ಹೆದರಿಸುತ್ತ ಸಾಗುತ್ತಾನೆ. ಕ್ಯಾಮರಾ ಮೆಲ್ಲಗೆ ಹಿಂದೆ ಸರಿಯುತ್ತದೆ. ನೋಡಿದರೆ ಕುದುರೆ ಗೊಂಬೆಯದು. ಕಾಡು ಹಿಂದಕ್ಕೆ ಓಡುವಂತೆ ಕಾಣಲೆಂದು ಆಳುಗಳು ಕೈಯಲ್ಲಿ ಮರದ ಕೊಂಬೆ ಹಿಡಿದು ಅವನ ಸುತ್ತ ಓಡುತ್ತಿದ್ದಾರೆ! ಅತ್ತೆಯವರು ಸೆರಗನ್ನು ಬಾಯಿಗೆ ಅಡ್ಡವಿಟ್ಟುಕೊಂಡು ನಕ್ಕರು. “ಒಂದು ಕುದುರೆ ಓಡಿಸುವುದಕ್ಕೆ ಇಷ್ಟು ಜನ ಓಡಬೇಕೇ? ಇನ್ನೊಮ್ಮೆ ಹಾಕು, ನೋಡೋಣ” ಎಂದರು. ಅಳಿಯನು ಇನ್ನೊಮ್ಮೆ ಹಾಕಿದನು.

ನಡುರಾತ್ರಿ ಅಟ್ಟದಲ್ಲಿ ಒಂದು ಕಾಯಿ ಉರುಳಿ, ತೊಲೆಗೆ ತಗಲಿ ನಿಂತಿತು. ಹೊರಗೆ ನಡುಮನೆಯಲ್ಲಿ ಮಲಗಿದ್ದ ಅಳಿಯನು, “ಇಲಿ” ಎಂಬ ಎಂದಿನ ತೀರ್ಪಿಗಾಗಿ ಕಾದನು. ಬರಲಿಲ್ಲ. ಬಹಳ ಹೊತ್ತಾದ ಮೇಲೆ ಮೇಷ್ಟರ ದನಿ ಕೇಳಿಸಿತು. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಆ ಮನೆಯಲ್ಲಿ ಮಗನ ಹೆಸರು ಹಿಡಿದು, ಆ ವಿಡಿಯೋದ ರಾತ್ರಿ ಅವನು ಸೆರಗಿನೊಳಗಿನಿಂದ ಏನು ಕೇಳುತ್ತಿದ್ದನೆಂದು ಅವರು ಕೇಳಿದರು.

“ಅಮ್ಮಾ, ದೆವ್ವ ಹೋಯಿತಾ, ಈಗ ನೋಡಲಾ ಎನ್ನುತ್ತಿದ್ದ” ಎಂದರು ಆಕೆ. “ಹೋಯಿತು, ನೋಡು ಎಂದರೂ ನೋಡುತ್ತಿರಲಿಲ್ಲ.”

ಆಮೇಲೆ ಇಬ್ಬರೂ ಬೆಳಕು ಹರಿಯುವವರೆಗೆ ಮೆಲುದನಿಯಲ್ಲಿ ಮಾತನಾಡುತ್ತಲೇ ಇದ್ದರು.