ಕಾಗದವೂ ಕೆಲಸವೂ ಒಂದೇ ಶ್ರುತಿಯಲ್ಲಿ

ಕಾವೇರಿ ದಡದ ರುದ್ರಪಟ್ಟಣ ಸಂಗೀತಗಾರರ ಊರು. ಅರಕಲಗೂಡು ತಾಲ್ಲೂಕಿನ ಈ ಪುಟ್ಟ ಗ್ರಾಮದಲ್ಲೇ ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು. ತಂಬೂರಿಯ ಆಕಾರದ ಮಂದಿರವೂ ಇಲ್ಲಿದೆ. ಆದರೆ ಈಗ ಇಲ್ಲಿನ ಜಗಲಿಯ ಮಾತು ರಾಗ ತಾಳಗಳಲ್ಲೇ ಮುಗಿಯುವುದಿಲ್ಲ. ಯಾರ ಮಗನಿಗೆ ವೀಸಾ ಬಂತು, ಯಾರ ಮಗಳಿಗೆ ಬರಲಿಲ್ಲ ಎಂಬುದೂ ನಡುವೆ ಸೇರಿಕೊಳ್ಳುತ್ತದೆ.

ಅಲ್ಲಿನ ಒಂದು ಮನೆಗೆ ಒಂದು ಬೆಳಿಗ್ಗೆ ಅಮೆರಿಕದಿಂದ ಫೋನ್ ಬಂತು.

"ಅಪ್ಪಾ, ಇವತ್ತು ಸರ್ಕಾರದ ಅಧಿಕಾರಿಗಳು ಆಫೀಸಿಗೆ ಬಂದು ನನ್ನನ್ನ ವಿಚಾರಿಸಿದ್ರು."

ನಿವೃತ್ತ ತಂದೆ ಕಾಫಿ ಲೋಟವನ್ನು ಕೆಳಗಿಟ್ಟರು. "ಏನು ತಪ್ಪು ಮಾಡಿದೆಯಪ್ಪಾ?"

"ತಪ್ಪೇನೂ ಇಲ್ಲ. ನೀವು ಗಾಬರಿ ಆಗ್ಬೇಡಿ. ಕಾಗದದಲ್ಲಿ ಬರೆದಿರೋ ಹಾಗೇ ಕೆಲಸ ನಡೀತಿದೆಯಾ ಅಂತ ನೋಡೋಕೆ ಬಂದಿದ್ರು."

ಮಗನ ಮಾತು ನಿಜ. ಎಚ್-1ಬಿ ವೀಸಾಕ್ಕೆ ಅರ್ಜಿ ಹಾಕುವವನು ನೌಕರನಲ್ಲ, ಕೆಲಸ ಕೊಡುವ ಸಂಸ್ಥೆ. ಹುದ್ದೆ ಯಾವುದು, ಎಲ್ಲಿ ಕೆಲಸ, ಸಂಬಳವೆಷ್ಟು ಎಂದು ಅದು ಮೊದಲು ಅಲ್ಲಿನ ಕಾರ್ಮಿಕ ಇಲಾಖೆಗೆ ತಿಳಿಸಬೇಕು. ಆ ಊರಿನಲ್ಲಿ ಆ ಕೆಲಸಕ್ಕೆ ರೂಢಿಯಲ್ಲಿರುವ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ. ಕೆಲಸ ಒದಗಿಸಲಾಗದ ದಿನಗಳಲ್ಲೂ ಸಂಬಳ ನಿಲ್ಲಿಸುವಂತಿಲ್ಲ. ಈ ಅರ್ಜಿಗಾಗಿ ವಕೀಲರಿಗೆ ಕೊಡುವ ಹಣವನ್ನು ನೌಕರನಿಂದ ವಸೂಲು ಮಾಡುವಂತಿಲ್ಲ. ಇದೆಲ್ಲ ಸರಿಯಾಗಿದೆಯೇ ಎಂದು ಅಧಿಕಾರಿಗಳು ಮುನ್ಸೂಚನೆಯಿಲ್ಲದೆ ಬಂದು ನೋಡಬಹುದು.

ಐದು ತಿಂಗಳ ಹಿಂದೆ ಈ ಹುಡುಗನಿಗೆ ಬೇರೆ ನಗರದಲ್ಲಿ ಕೆಲಸ ಬಿದ್ದಿತ್ತು. "ಸೋಮವಾರವೇ ಹೊರಡು, ಕಾಗದ ಆಮೇಲೆ ನೋಡೋಣ" ಎಂದಿದ್ದರು ಮೇಲಿನವರು. ಸಂಸ್ಥೆಯ ವಕೀಲರು ಬಿಡಲಿಲ್ಲ. ಓಡಾಟದ ದೂರ ಮೀರಿ ಕೆಲಸದ ಸ್ಥಳ ಬದಲಾದರೆ ತಿದ್ದುಪಡಿ ಅರ್ಜಿ ಹಾಕಲೇಬೇಕೆಂದು 2015ರಲ್ಲೇ ತೀರ್ಮಾನವಾಗಿದೆ. ಕಾರ್ಮಿಕ ಇಲಾಖೆಯ ಒಪ್ಪಿಗೆಗೇ ಏಳು ಕೆಲಸದ ದಿನಗಳು ಬೇಕು. ಎರಡು ವಾರ ತಡವಾಯಿತು. ಮೇಲಿನವರು ಗೊಣಗಿದರು, ಹುಡುಗನೂ ಬೇಸರಪಟ್ಟುಕೊಂಡ. ಈಗ ಅಧಿಕಾರಿಗಳು ಕೇಳಿದ ಪ್ರತಿ ಪ್ರಶ್ನೆಗೂ ಅವನ ಉತ್ತರ ಅರ್ಜಿಯೊಡನೆ ತಾಳೆಯಾಯಿತು. ಅಂದು ಹೊರಟುಬಿಟ್ಟಿದ್ದರೆ ಸಂಸ್ಥೆ ವಿಚಾರಣೆಗೆ ಗುರಿಯಾಗುತ್ತಿತ್ತು. ಅವನ ವೀಸಾಕ್ಕೂ ಸಂಚಕಾರ ಬರಬಹುದಿತ್ತು.

ದೊಡ್ಡ ಸಂಸ್ಥೆಗಳಿಗೂ ಈ ಪಾಠ ತಪ್ಪಿದ್ದಲ್ಲ. 2013ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಇನ್ಫೋಸಿಸ್ ಅಮೆರಿಕ ಸರ್ಕಾರದೊಡನೆ ರಾಜಿ ಮಾಡಿಕೊಂಡು 3 ಕೋಟಿ 40 ಲಕ್ಷ ಡಾಲರ್ ತೆರಲು ಒಪ್ಪಿತು. ಸಭೆ, ಮಾತುಕತೆಗಳಿಗೆಂದು ಕೊಡುವ ಬಿ-1 ವೀಸಾದಲ್ಲಿ ಹೋದವರಿಂದ ಬೇರೆ ಕೆಲಸ ಮಾಡಿಸಲಾಯಿತೆಂಬುದು ಸರ್ಕಾರದ ಆರೋಪವಾಗಿತ್ತು. ಸಂಸ್ಥೆ ಅದನ್ನು ಅಲ್ಲಗಳೆಯಿತು. ಆದರೆ ನೌಕರರು ಆ ದೇಶದಲ್ಲಿ ದುಡಿಯಲು ಅರ್ಹರೆಂದು ಖಚಿತಪಡಿಸುವ ಐ-9 ನಮೂನೆಗಳಲ್ಲಿ ಲೋಪವಾದದ್ದನ್ನು ಒಪ್ಪಿಕೊಂಡಿತು. ನಮೂನೆ ತುಂಬುವುದು ಗುಮಾಸ್ತರ ಕೆಲಸವೆಂದು ಉದಾಸೀನ ಮಾಡುವವರು ಈ ಮೊತ್ತವನ್ನು ನೆನಪಿಡಬೇಕು.

ವಿದ್ಯಾರ್ಥಿಗಳಿಗೆ ಇದು ಹೊಸ ವಿಷಯವೇನಲ್ಲ. ಪ್ರಯೋಗಶಾಲೆಯಲ್ಲಿ ಲೋಲಕವನ್ನು ತೂಗಿಬಿಡದೆಯೇ ಗೆಳೆಯನ ರೆಕಾರ್ಡ್ ಪುಸ್ತಕದಿಂದ ಅಂಕಿಗಳನ್ನು ಇಳಿಸಿಕೊಳ್ಳುವವರುಂಟು. ಪರೀಕ್ಷಕರು "ಈ ಅಳತೆ ಹೇಗೆ ಬಂತು?" ಎಂದಾಗ ಬಾಯಿ ಕಟ್ಟುತ್ತದೆ. ತಾನೇ ಅಳೆದು ಬರೆದವನ ಅಂಕಿ ತುಸು ತಪ್ಪಿದ್ದರೂ ಅವನು ಅಳುಕಿಲ್ಲದೆ ನಿಲ್ಲುತ್ತಾನೆ. ಒಳ್ಳೆಯ ವಕೀಲರು ಮಾಡುವುದೂ ಇಷ್ಟೇ: ನಡೆಯುವ ಕೆಲಸಕ್ಕೆ ಸರಿಯಾದ ಕಾಗದ ಒದಗಿಸುತ್ತಾರೆ. ಇಲ್ಲದ ಕೆಲಸವನ್ನು ಇದೆಯೆನ್ನಿಸಲು ಅವರಿಂದಲೂ ಆಗದು.

ತಂದೆತಾಯಿಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆ "ಸಂಬಳ ಎಷ್ಟು?" ಎಂಬುದು. ಅದರ ಜೊತೆಗೆ "ಅರ್ಜಿಯ ಪ್ರತಿ ನಿನ್ನ ಹತ್ತಿರ ಇದೆಯೇ? ಅದರಲ್ಲಿರುವ ಕೆಲಸವನ್ನೇ ಮಾಡುತ್ತಿದ್ದೀಯಾ?" ಎಂದೂ ಕೇಳಬೇಕು. ವಿಚಾರಣೆಯ ಹೊತ್ತಿನಲ್ಲಿ ಸಂಸ್ಥೆಯ ವಕೀಲರು ಸಂಸ್ಥೆಯ ಪರ ಎಂಬುದನ್ನು ಮಕ್ಕಳಿಗೆ ತಿಳಿಸಬೇಕು. ಅನುಮಾನ ಬಂದರೆ ಅವರು ತಮ್ಮದೇ ವಕೀಲರನ್ನು ಕಾಣುವುದು ಕ್ಷೇಮ.

ರುದ್ರಪಟ್ಟಣದ ಆ ತಂದೆ ಅಂದು ಫೋನ್ ಇಡುವ ಮುನ್ನ ಮಗನಿಗೆ ಒಂದೇ ಮಾತು ಹೇಳಿದರು: "ಆ ವಕೀಲರಿಗೆ ನನ್ನ ನಮಸ್ಕಾರ ಹೇಳಪ್ಪ. ಶ್ರುತಿ ಸೇರೋವರೆಗೂ ಅವರು ನಿನ್ನ ಹಾಡೋಕೆ ಬಿಡಲಿಲ್ಲ."