ತಮ್ಮನ ಕಾರು

ಬಲವುಳ್ಳ ಕಾರನ್ನು ಕೊಂಡವರಿಗೆ ಅದರ ಬಲವು ಸಾಲದೆಂಬ ಚಿಂತೆಯು ಬಹು ಬೇಗನೆ ಹುಟ್ಟುವುದನ್ನು ನಾವು ಈಚೆಗೆ ನಮ್ಮ ಮನೆಯಲ್ಲಿಯೇ ಕಂಡೆವು. ನಮ್ಮ ತಮ್ಮನು ಅಡಕೆ ಮೆಣಸುಗಳ ಹಣವನ್ನು ಹಲವು ವರ್ಷ ಕೂಡಿಟ್ಟು, ಬೇರೊಬ್ಬರು ಓಡಿಸಿದ್ದ ಬಿಎಂಡಬ್ಲ್ಯು ಎಂ340ಐ ಕಾರೊಂದನ್ನು ಸಿರಿಮನೆಗೆ ತಂದಿರುವನು. 2021ರಲ್ಲಿ ಚೆನ್ನೈಯ ಕಾರ್ಖಾನೆಯಿಂದ ಹೊರಬಂದ ಈ ಬಗೆಯ ಕಾರಿಗೆ 387 ಅಶ್ವಶಕ್ತಿಯ ಯಂತ್ರ. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರು ವೇಗವನ್ನು ಮುಟ್ಟಲು 4.4 ಸೆಕೆಂಡು ಸಾಕು. ನಮ್ಮ ಕಿಗ್ಗದ ದಾರಿಯಲ್ಲಿ ಅಷ್ಟು ವೇಗಕ್ಕೆ ಎಡೆಯೆಲ್ಲಿ ಎಂದು ವಾಚಕರು ನಗಬಹುದು. ನಾವೂ ನಕ್ಕೆವು.

ಆದರೂ ಬೆಂಗಳೂರಿನ ಗೆಳೆಯರ ಮಾತು ಅವನ ಕಿವಿಯಲ್ಲಿ ನಿಂತಿತ್ತು. ಯಂತ್ರವನ್ನಾಳುವ ಗಣಕದ ಲೆಕ್ಕವನ್ನು ತಿದ್ದಿದರೆ ಇನ್ನೂ 60-70 ಅಶ್ವಶಕ್ತಿ ಸಿಕ್ಕುವುದಂತೆ; ಹೊಗೆಕೊಳವೆಯನ್ನು ಬದಲಿಸಿದರೆ ಸಿಂಹಗರ್ಜನೆಯಂತೆ; ಸ್ಪ್ರಿಂಗುಗಳನ್ನು ತಗ್ಗಿಸಿದರೆ ನೋಟವೇ ಬೇರೆಯಂತೆ.

“ಗರ್ಜನೆಗೆ ನಮ್ಮ ಜಲಪಾತವಿಲ್ಲವೇನೋ?” ಎಂದರು ಅಮ್ಮ.

ಅಮ್ಮನ ಮಾತು ಇಲ್ಲಿ ಮುಖ್ಯವೇ. ಹೃದಯದ ಚಿಕಿತ್ಸೆಗಾಗಿ ಅವರನ್ನು ಆಗಾಗ್ಗೆ ಆಗುಂಬೆಯ ಘಾಟಿಯಿಳಿದು ಮಣಿಪಾಲಕ್ಕೆ ಕರೆದೊಯ್ಯಬೇಕಾಗಿದೆ; ಆ ಕೆಲಸಕ್ಕೆ ಮನೆಯಲ್ಲಿರುವುದು ಇದೊಂದೇ ಕಾರು. ಆದುದರಿಂದ ನಾವು ತಮ್ಮನೊಡನೆ ಕುಳಿತು ಒಂದೊಂದನ್ನೇ ವಿಚಾರಿಸಿದೆವು.

ಗಣಕವನ್ನು ತಿದ್ದುವುದೆಂದರೆ ಯಂತ್ರದೊಳಕ್ಕೆ ಗಾಳಿಯನ್ನು ಇನ್ನೂ ಹೆಚ್ಚಾಗಿ ಒತ್ತಿ ತುಂಬುವುದು. ಅದಕ್ಕೆ ಮೇಲ್ತರದ ಪೆಟ್ರೋಲು ಬೇಕು. ಮಲೆನಾಡಿನ ಸಣ್ಣ ಬಂಕುಗಳಲ್ಲಿ ಸಿಕ್ಕುವುದು ಬಹುಮಟ್ಟಿಗೆ ಸಾಮಾನ್ಯ ಪೆಟ್ರೋಲೇ. ಅದನ್ನು ಹಾಕಿದರೆ ಯಂತ್ರವು ತನ್ನನ್ನು ಕಾಪಾಡಿಕೊಳ್ಳಲು ತಾನೇ ಶಕ್ತಿಯನ್ನು ತಗ್ಗಿಸಿಕೊಳ್ಳುವುದು. ಕೊಟ್ಟ ಹಣ ಹೊಳೆಯಲ್ಲಿ ಹುಣಸೆ! ಇನ್ನು ಕಾಯಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೀಗೆಯೇ ಹೇಳಿತು. ತಿಳಿಸದೆ ಮಾಡಿದ ಮಾರ್ಪಾಟು ಹೊರಬಿದ್ದರೆ ವಿಮೆಯವರು ಪರಿಹಾರವನ್ನು ನಿರಾಕರಿಸಲೂಬಹುದು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ಸಿಕ್ಕದೆ ಬಸ್ಸುಗಳಿಗೆ ಇದ್ದಿಲಿನ ಒಲೆ ಕಟ್ಟಿದ ಕಾಲವಿತ್ತು. ಅದು ಗತಿಯಿಲ್ಲದವರ ಮಾರ್ಪಾಟು; ಇದು ಹಾಗಲ್ಲ. ಸ್ಪ್ರಿಂಗನ್ನು ತಗ್ಗಿಸುವ ಮಾತಂತೂ ಬೇಡ. ಈಗಲೇ ನೆಲಕ್ಕೂ ಕಾರಿನ ಒಡಲಿಗೂ ಗೇಣು ಅಂತರವಿಲ್ಲ.

“ಹಾಗಾದರೆ ಏನನ್ನೂ ಮಾಡಬಾರದೇನಕ್ಕಾ?” ಎಂದು ತಮ್ಮನು ಮುಖ ಸಣ್ಣದು ಮಾಡಿದನು.

ಮಾಡಬೇಕಾದುದು ಬೇಕಾದಷ್ಟಿತ್ತು. ಬ್ರೇಕಿನ ಎಣ್ಣೆಯು ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ತೇವ ಸೇರಿದಷ್ಟೂ ಅದು ಕಡಮೆ ಕಾವಿಗೇ ಕುದಿಯುವುದು. ಉದ್ದನೆಯ ಇಳಿಜಾರಿನಲ್ಲಿ ಹಾಗೆ ಕುದಿದರೆ ಪೆಡಲು ಮೆತ್ತಗಾಗಿ ಬ್ರೇಕು ಹಿಡಿಯದು. ಮಳೆಗಾಗಿ ಋಷ್ಯಶೃಂಗೇಶ್ವರನಿಗೆ ಹರಕೆ ಹೊರುವ ಸೀಮೆ ನಮ್ಮದು. ತೇವಕ್ಕೆ ಇಲ್ಲಿ ಬಡತನವೇ? ಕಾರು ಬಂದಂದಿನಿಂದ ಆ ಎಣ್ಣೆಯನ್ನು ಬದಲಿಸಿರಲಿಲ್ಲ. ಹಿಂದಿನ ಟೈರುಗಳ ಗೀರುಗಳು ಸವೆದಿದ್ದವು. ನೀರನ್ನು ಪಕ್ಕಕ್ಕೆ ತಳ್ಳುವುದು ಆ ಗೀರುಗಳೇ. ಅವು ಆಳವಾಗಿಲ್ಲದಿದ್ದರೆ 387 ಅಶ್ವಶಕ್ತಿಯೂ ನೀರಿನ ಮೇಲೆ ಜಾರುವುದು.

ಲೆಕ್ಕ ಹಾಕಿದಾಗ ಇವೆಲ್ಲಕ್ಕೂ ಹೊಗೆಕೊಳವೆಗೆ ಎತ್ತಿಟ್ಟ ಹಣವೇ ಸಾಕಾಯಿತು. ಹೊಸ ಎಣ್ಣೆ, ಬ್ರೇಕಿನ ಪ್ಯಾಡುಗಳು, ತಯಾರಕರು ಹೇಳಿದ ಅಳತೆಯ ನಾಲ್ಕು ಟೈರುಗಳು. ತಮ್ಮನಿಗೆ ಪೂರ್ತಿ ಸಮಾಧಾನವಿಲ್ಲ. ಗಣಕದ ಆಸೆಯನ್ನು ಅವನು ಬಿಟ್ಟಂತೆ ನಮಗೆ ತೋರುವುದಿಲ್ಲ. ಟೈರುಗಳು ಶಿವಮೊಗ್ಗದಿಂದ ಬರಬೇಕಾಗಿವೆ. ಅಮ್ಮನನ್ನು ಮಣಿಪಾಲಕ್ಕೆ ಕರೆದೊಯ್ಯಲು ಇನ್ನು ಹನ್ನೊಂದು ದಿನಗಳಿವೆ.